ಹೆಗ್ಗಣದ ಕಣಜ ಸೋರಿದ್ದು

ಹೊಲದ ಬದುವಿನಲ್ಲಿದ್ದ ಹೆಗ್ಗಣ ಮಳೆಗಾಲಕ್ಕೆಂದು ನೆಲದೊಳಗೆ ಒಂದು ಕಣಜ ತೋಡಿತು. ಸುತ್ತಲಿನ ಇಲಿಗಳು ತಮ್ಮ ಜೋಳವನ್ನೆಲ್ಲ ಅದರಲ್ಲಿಟ್ಟು ಪಾಲುದಾರರಾದವು. ಚುಂಡಿಲಿಯೂ ತನ್ನ ಮರಿಗಳ ಮಳೆಗಾಲದ ಊಟವನ್ನು ಅಲ್ಲೇ ಇಟ್ಟಿತ್ತು.

ಒಂದು ಬೆಳಿಗ್ಗೆ ಜಾಲಿಮರದ ಕಾಗೆ ಹೊಲಕ್ಕೆಲ್ಲ ಕೇಳುವಂತೆ ಸುದ್ದಿ ಕೂಗಿತು: "ಹೆಗ್ಗಣದ ಕಣಜ ಸೋರುತ್ತದಂತೆ!"

ಚುಂಡಿಲಿಗೆ ಕೂತಲ್ಲಿ ಕೂರಲಾಗಲಿಲ್ಲ. "ಅಣ್ಣಾ, ನಮ್ಮ ಕಾಳು ಹೋಯಿತೇ?" ಎಂದು ಹಿರಿಯ ಇಲಿಯನ್ನು ಕೇಳಿತು.

"ಕಾಗೆ ಎಂದಾದರೂ ಬಿಲದೊಳಗೆ ಇಳಿದಿದೆಯೇನಮ್ಮಾ? ಸುಮ್ಮನಿರು."

"ಏನೂ ಇಲ್ಲದೆ ಅದು ಗಂಟಲು ಹರಿದುಕೊಳ್ಳುತ್ತದೆಯೇ?" ಎಂದಿತು ಪಕ್ಕದ ಇಲಿ.

ಗದ್ದಲ ಕೇಳಿ ಹೆಗ್ಗಣ ಬಾಗಿಲಿಗೆ ಬಂತು. "ಒಳಗೆ ಬಂದು ನೋಡಿ, ಒಂದು ಹನಿಯೂ ಇಲ್ಲ."

"ನಿನ್ನ ಬಾಗಿಲಿನಿಂದ ಬಂದರೆ ನೀನು ತೋರಿಸಿದ್ದನ್ನೇ ನೋಡಬೇಕಾಗುತ್ತದೆ, ಮಾವ," ಎಂದ ಚುಂಡಿಲಿ ಮೇಲಿನಿಂದ ತನ್ನದೇ ಸುರಂಗ ಕೊರೆದು ಇಳಿಯಿತು. ಕಾಳು ಗರಿಗರಿಯಾಗಿ ಒಣಗಿತ್ತು. ಸಮಾಧಾನದಿಂದ ಮೇಲೆ ಬಂದು ನೋಡಿದರೆ, ಉಳಿದ ಇಲಿಗಳೂ ತಮ್ಮ ತಮ್ಮ ಸುರಂಗದಿಂದ ಅಷ್ಟೇ ಸಮಾಧಾನದಿಂದ ಹೊರಬರುತ್ತಿದ್ದವು.

ಸಂಜೆ ಮಳೆ ಸುರಿಯಿತು. ಸುರಂಗಗಳಲ್ಲೆಲ್ಲ ನೀರು ನುಗ್ಗಿ ಜೋಳ ಕೆಸರಾಯಿತು. ಒದ್ದೆ ಮುದ್ದೆಯಾದ ಹೆಗ್ಗಣ ಚುಂಡಿಲಿಯ ತೂತಿನಿಂದಲೇ ಹೊರಬಂದು, "ಇದನ್ನು ಕೊರೆದವರು ಯಾರು?" ಎಂದು ಕೇಳಿತು.

"ನಾನು ಮೊದಲೇ ಹೇಳಿದ್ದೆ!" ಎಂದು ಮರದ ಮೇಲಿನಿಂದ ಕಾಗೆ ಕೂಗಿತು.

ಚುಂಡಿಲಿ ಉಗುರಿಗೆ ಮೆತ್ತಿದ ಮಣ್ಣನ್ನು ನೆಕ್ಕಿಕೊಳ್ಳುತ್ತ, ಹಸಿದ ಮರಿಗಳಿಗೆ ಬುದ್ಧಿ ಹೇಳಿತು: "ನೋಡಿದಿರಾ ಮಕ್ಕಳೇ? ಇನ್ನು ಮೇಲೆ ಕಾಗೆ ಕೂಗಿದ ಕೂಡಲೇ ಕೊರೆಯಲು ಶುರು ಮಾಡಬೇಕು."