ಓತಿಕ್ಯಾತ ಬೇಲಿಯ ಮೇಲೆ ಕೂತು ತಲೆಯಾಡಿಸುವುದೇಕೆ

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ಹಸಿ ಇನ್ನೂ ಆರಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ಹೊಳೆಗೂ ಸರಿಯಾಗಿ ಗೊತ್ತಿರಲಿಲ್ಲ. ಆಗ ಎಲ್ಲಕ್ಕೂ ಮಾತು ಬರುತ್ತಿತ್ತು. ಮೈಗೆ ಹುಷಾರಿಲ್ಲದಾಗಲಂತೂ ಕೇಳುವುದೇ ಬೇಡ. ಕೊಂಬಿನ ಬುಡ ನೋಯುತ್ತದೆ ಎಂದು ಹಸು ಗೊಣಗುತ್ತಿತ್ತು. ಗಂಟಲು ಕಟ್ಟಿದೆ ಎಂದು ಕಾಗೆ ಊರಿಗೆಲ್ಲ ಸಾರುತ್ತಿತ್ತು.

ಬಾಯಿ ಬಿಡದೆ ಇದ್ದದ್ದು ಒಂದೇ ಒಂದು, ಓತಿಕ್ಯಾತ. ಈರಕ್ಕ ಹುಡುಕಿ ಹುಡುಕಿ ಅದನ್ನೇ ಸಾಕಿಕೊಂಡಿದ್ದಳು.

ಈರಕ್ಕ ಹೊಳೆಯ ಈಚೆ ದಡದಲ್ಲಿ ಒಬ್ಬಳೇ ಇದ್ದ ಹೆಂಗಸು. ಓತಿ ಅಂದರೆ ಅವಳಿಗೆ ಪ್ರಾಣ. ಮುಟ್ಟಿದರೆ ಅದರ ಮೈ ತಣ್ಣಗಿರುತ್ತದಲ್ಲ, ಹಾಗಾಗಿ ಅದಕ್ಕೆ ತಂಪೇ ಇಷ್ಟ ಅಂದುಕೊಂಡಳು. ನೀರಿನ ಹರವಿಯ ಪಕ್ಕ ಒದ್ದೆಬಟ್ಟೆ ಹಾಸಿ ಅದರ ಮೇಲೆ ಕೂರಿಸಿದಳು. ದಿನಕ್ಕೆರಡು ಸಲ ಆ ಬಟ್ಟೆಗೆ ನೀರು ಚಿಮುಕಿಸುತ್ತಿದ್ದಳು.

ಬೆಳಿಗ್ಗೆ ಎದ್ದರೆ ಮೊದಲು ಓತಿಯ ಮೈ ನೋಡುವ ಕೆಲಸ. ಕಣ್ಣು ಗುಳಿ ಬಿದ್ದಿದೆಯಾ? ಬಾಲದ ಬುಡ ಸೊರಗಿದೆಯಾ? ನಿನ್ನೆಯ ಮಿಡತೆ ಹಾಗೇ ಉಳಿದಿದೆಯಾ?

"ಏನಾಗಿದೆ ಮರಿ, ಹೇಳು."

ಓತಿ ಸುಮ್ಮನೆ ಕೂತಿತ್ತು.

"ಹೊಟ್ಟೆ ನೋವಾ? ಹೌದು ಅನ್ನು, ಇಲ್ಲ ಅನ್ನು. ಏನಾದ್ರೂ ಒಂದು ಅನ್ನು."

ಓತಿ ಸುಮ್ಮನೇ ಕೂತಿತ್ತು. ಮೈ ಕೆಸರಿನ ಬಣ್ಣಕ್ಕೆ ತಿರುಗಿತ್ತು, ಕಾಲುಗಳು ಜೋಲುಬಿದ್ದಿದ್ದವು. ಈರಕ್ಕ ಅದನ್ನು ಬುಟ್ಟಿಗೆ ಹಾಕಿ ತಲೆಯ ಮೇಲಿಟ್ಟುಕೊಂಡು ಹೊಳೆ ದಾಟಿದಳು.

ವೈದ್ಯ ಮಾಡುತ್ತಿದ್ದ ಕೊಕ್ಕರೆ ಪಂಡಿತರು ಇದ್ದದ್ದು ಆಚೆ ದಡದ ಮರಳುದಿಬ್ಬಗಳನ್ನು ದಾಟಿದ ಮೇಲೆ. ಒಂಟಿಕಾಲಲ್ಲಿ ನಿಂತು ರೋಗ ನೋಡುವ ಅವರು ತಾಳ್ಮೆಗೆ ಹೆಸರಾದವರು. ಬಿಸಿಲಲ್ಲಿ ಅರ್ಧ ದಿನ ನಡೆದು ಈರಕ್ಕ ಬುಟ್ಟಿ ಇಳಿಸಿದರೆ, ಓತಿ ಕತ್ತೆತ್ತಿ, ಕೆನ್ನೆ ಕೆಂಪಗೆ ಮಾಡಿಕೊಂಡು, ಪಂಡಿತರ ಕಾಲ ಬಳಿಯ ಇರುವೆಯೊಂದನ್ನು ಗುಳುಂ ಮಾಡಿತು.

"ಇದಕ್ಕೇನಾಗಿದೆಯವ್ವ?"

"ಮನೇಲಿ ಸಾಯೋ ಹಾಗಿತ್ತು ಪಂಡಿತರೆ."

"ಇಲ್ಲಿ ನನಗಿಂತ ಚೆನ್ನಾಗಿದೆ."

ಮನೆಗೆ ಬಂದು ಎರಡು ದಿನ ಆಗುವಷ್ಟರಲ್ಲಿ ಓತಿ ಮತ್ತೆ ಮಂಕಾಯಿತು. ಈರಕ್ಕ ಮತ್ತೆ ಹೊರಟಳು. ಅಲ್ಲಿ ಹೋದರೆ ಓತಿ ಮತ್ತೆ ಗಟ್ಟಿಮುಟ್ಟು. ಮೂರನೆಯ ಸಲವೂ ಅದೇ, ಐದನೆಯ ಸಲವೂ ಅದೇ.

"ಮತ್ತೆ ಹೊರಟ್ಯಾ ಈರಕ್ಕ?" ಎಂದಿತು ಹೊಳೆ. "ನಿನಗೆ ದಾರಿ ಬಿಟ್ಟೂ ಬಿಟ್ಟೂ ನನಗೆ ಹರಿಯೋಕೇ ಪುರಸೊತ್ತಿಲ್ಲ."

ಏಳನೆಯ ಸಲ ಪಂಡಿತರು ಎತ್ತಿಕೊಂಡಿದ್ದ ಕಾಲನ್ನೂ ಕೆಳಗಿಟ್ಟರು. ಸಿಟ್ಟು ಬಂದರೆ ಅವರು ಹಾಗೆ.

"ಈರಕ್ಕ, ನಿನಗೊಂದು ದೊಡ್ಡ ನಮಸ್ಕಾರ. ಇನ್ನು ಇದನ್ನ ಹೊತ್ಕೊಂಡು ಬರಬೇಡ."

ಈರಕ್ಕನಿಗೆ ತಲೆ ಎತ್ತಲಾಗಲಿಲ್ಲ. ದಾರಿಯುದ್ದಕ್ಕೂ ಓತಿಯನ್ನು ಬೈದಳು. "ಮನೇಲಿ ನನ್ನ ಪ್ರಾಣ ತಿಂತೀಯ, ಅಲ್ಲಿ ನನ್ನ ಮಾನ ಕಳೀತೀಯ. ಬಾಯಿದ್ದೂ ಏನು ಬಂತು?" ಓತಿ ಬುಟ್ಟಿಯಲ್ಲಿ ಹಾಯಾಗಿ ಬಿಸಿಲು ಕಾಯಿಸುತ್ತಿತ್ತು.

ಆಮೇಲೆ ಮೋಡ ಕವಿಯಿತು. ಒಂದು ದಿನ, ಎರಡು ದಿನ, ಮೂರು ದಿನ. ಓತಿ ಮಿಡತೆ ಮುಟ್ಟಲಿಲ್ಲ. ಕಣ್ಣು ಗುಳಿಬಿತ್ತು, ಬಾಲದ ಬುಡ ಕಡ್ಡಿಯಾಯಿತು. ಹೋಗಲೇ, ಬೇಡವೇ? ಈರಕ್ಕ ಬುಟ್ಟಿ ಕೈಗೆತ್ತಿಕೊಳ್ಳುವಳು, ಪಂಡಿತರ ಮುಖ ನೆನಪಾಗಿ ಕೆಳಗಿಡುವಳು. ಹೋದರೆ ಇದು ಹೇಗೂ ನೆಟ್ಟಗೆ ಕೂತು ಇರುವೆ ತಿನ್ನುತ್ತದೆ ಎಂದು ಅವಳಿಗೆ ರೋಸಿಹೋಗಿತ್ತು.

ನಾಲ್ಕನೆಯ ದಿನ ಬೆರಳು ಕೊಟ್ಟಳು. ಯಾವತ್ತೂ ಆ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದ ಓತಿ ಅವತ್ತು ಹಿಡಿಯಲಿಲ್ಲ.

"ಬೈದರೆ ಬೈಯಲಿ," ಎಂದು ಬುಟ್ಟಿ ಹೊತ್ತು ಓಡಿದಳು. ಈ ಸಲ ಹೊಳೆ ಒಂದು ಮಾತೂ ಆಡದೆ ದಾರಿ ಬಿಟ್ಟಿತು.

ಪಂಡಿತರು ಬೈಯಲೆಂದೇ ಕೊಕ್ಕು ತೆರೆದರು. ಬುಟ್ಟಿಯೊಳಗೆ ಓತಿ ಏಳಲಿಲ್ಲ. ಅವರು ಕೊಕ್ಕು ಮುಚ್ಚಿಕೊಂಡರು.

"ಮನೇಲಿ ಇದನ್ನ ಎಲ್ಲಿ ಇಡ್ತೀಯ ತಾಯಿ?"

"ತಂಪಾಗಿರ್ಲಿ ಅಂತ ಹರವಿ ಪಕ್ಕ ಇಡ್ತೀನಿ, ಒದ್ದೆಬಟ್ಟೆ ಮೇಲೆ."

ಪಂಡಿತರು ನಿಟ್ಟುಸಿರು ಬಿಟ್ಟು ಮೇಲೆ ನೋಡಿದರು. "ಸೂರ್ಯಪ್ಪ, ಸ್ವಲ್ಪ ಈಚೆ ಬಾ."

ಸೂರ್ಯ ಮೋಡ ಸರಿಸಿ, ಮುಖ ಗಂಟಿಕ್ಕಿಕೊಂಡೇ ಬಂದ. "ಏಳು ಸಲಾನೂ ದಾರೀಲಿ ಇದನ್ನ ವಾಸಿ ಮಾಡಿದೋನು ನಾನು. ನಿಮ್ಮಲ್ಲಿ ಒಬ್ಬರಾದರೂ ಕೇಳಿದ್ರಾ?"

ಅವನು ಓತಿಯ ಬೆನ್ನಿನ ಮೇಲೆ ಬೆಚ್ಚಗೆ ಕೈಯಿಟ್ಟ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕತ್ತಿನ ಬಳಿ ಒಂಚೂರು ಬಣ್ಣ ಬಂತು. ಒಂದು ಕಾಲು ಅಲುಗಿತು. ಈರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಏಳು ಸಲ ನೋಡಿದೆ, ಒಂದು ಸಲಾನೂ ವಿಚಾರಿಸಲಿಲ್ಲ. ತಪ್ಪು ನಂದೂ ಇದೆ," ಎಂದರು ಪಂಡಿತರು. ಆಮೇಲೆ ಓತಿಯ ಕಡೆ ತಿರುಗಿದರು. "ಮಾತಾಡೋಕೆ ಬೇಜಾರಾದ್ರೆ ಆಡಬೇಡ. ದಿನಾ ಬೇಲಿ ಹತ್ತಿ ಬಿಸಿಲು ಕಾಯಿಸು. ಚೆನ್ನಾಗಿದ್ರೆ ತಲೆಯಾಡಿಸು, ಸಾಕು. ನೀನು ಆಡಿಸದ ದಿನ ಈರಕ್ಕ ನನ್ನ ಹತ್ರ ಬರಲಿ, ನಾನು ಬೈಯಲ್ಲ."

ಓತಿ ಯೋಚಿಸಿತು. ಆಮೇಲೆ ಕತ್ತೆತ್ತಿ ತಲೆಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸಿತು. ಅದು ಈರಕ್ಕನಿಗೆ ಹೇಳಿದ ಮೊದಲ ಮಾತು.

"ಇಷ್ಟು ಹೇಳೋಕೆ ಎಂಟು ಸಲ ಹೊಳೆ ದಾಟಿಸಿದೆಯಲ್ಲೋ," ಎಂದು ಗದರಿ, ಈರಕ್ಕ ಅದನ್ನು ಎದೆಗೊತ್ತಿಕೊಂಡಳು.

ಈಗಲೂ ಬಿಸಿಲೇರಿದ ಮೇಲೆ ಬೇಲಿಯ ಕಡೆ ನೋಡು ಮಗು. ಓತಿಕ್ಯಾತ ತಲೆಯಾಡಿಸುತ್ತಾ ಕೂತಿದ್ದರೆ ಹೊಡೆಯಲು ಕಲ್ಲು ಹುಡುಕಬೇಡ. ಇವತ್ತು ನಾನು ಚೆನ್ನಾಗಿದ್ದೇನೆ, ಬುಟ್ಟಿ ತರಬೇಡ ಎಂದು ಅದು ಈರಕ್ಕನಿಗೆ ಹೇಳುತ್ತಿರುತ್ತದೆ.