ಸುಳ್ಳುಕಟ್ಟೆ

ಉಪ್ಪಿನ ಆಗರ ಮುಗಿದು ಅಳಿವೆ ತೆರೆದುಕೊಳ್ಳುವಲ್ಲಿ, ಸುರಹೊನ್ನೆ ಮರದ ಬುಡದಲ್ಲಿ ಕೆಂಪು ಕಲ್ಲಿನದೊಂದು ಕಟ್ಟೆ ಇದೆ. ಮೇಲೆ ಒಂದು ಕೊಡ ನೀರು, ಕರಟದಲ್ಲಿ ಒಂದಿಷ್ಟು ಬೆಲ್ಲ. ಅದರ ಹೆಸರು ಸುಳ್ಳುಕಟ್ಟೆ. ಪರಊರಿನವರು ಹೆಸರು ಕೇಳಿ ನಗುತ್ತಾರೆ. ನಗಲಿ ಬಿಡಿ, ಕಥೆ ಕೇಳಿ ಎದ್ದವರು ಯಾರೂ ನಕ್ಕದ್ದಿಲ್ಲ.

ಹಿಂದೆ ಒಮ್ಮೆ, ಪರಂಗಿಯವರು ಈ ಸೀಮೆ ಆಳುತ್ತಿದ್ದಾಗ, ಕುದುರೆ ತುಂಬಿಕೊಂಡು ಬಂದ ಹಡಗೊಂದು ಜ್ವರ ಹಿಡಿದ ಬಿಳಿಯನೊಬ್ಬನನ್ನು ಇಲ್ಲಿ ಇಳಿಸಿ ಹೋಯಿತು ಎನ್ನುತ್ತಾರೆ. ಊರವರ ಬಾಯಲ್ಲಿ ಅವನು ತೋಮ. ಬಿಳಿಯನಾದರೂ ದೊರೆಯಲ್ಲ, ಕೈದಿ. ತನ್ನ ದೇಶದಲ್ಲಿ ಒಂದು ಕುರಿ ಕದ್ದದ್ದಕ್ಕೆ ಅವನನ್ನು ತೆಂಕಣ ಕಡಲಿನಾಚೆಯ ನೆಲಕ್ಕೆ ಗಡೀಪಾರು ಮಾಡಿದ್ದರು. ಶಿಕ್ಷೆ ತೀರಿತ್ತು, ಅವ್ವನ ಮುಖ ನೋಡುವುದೊಂದು ಉಳಿದಿತ್ತು, ಅದಕ್ಕೇ ಅಲ್ಲಿಂದ ಆ ಕುದುರೆ ಹಡಗು ಹತ್ತಿದ್ದ. ಮೈ ಸುಧಾರಿಸಿದ ಮೇಲೆ ಆಗರದಲ್ಲಿ ದುಡಿಯುತ್ತ, ತನ್ನೂರ ಕಡೆಯ ಹಡಗಿಗಾಗಿ ಸಂಜೆ ಸಂಜೆ ಈ ಕಟ್ಟೆಯ ಮೇಲೆ ಕೂರುತ್ತಿದ್ದ. ದಾರಿಹೋಕರಿಗೆಲ್ಲ ಬೆಲ್ಲ-ನೀರು ಕೊಡುವ ಮುದುಕಿ ಬೀರಮ್ಮ ಅವನಿಗೂ ಕೊಡುತ್ತಿದ್ದಳು. ಅವಳ ಒಬ್ಬನೇ ಮಗ ಗಿರಿಯನನ್ನು ಉಪ್ಪು ಕದ್ದನೆಂದು ಕಚೇರಿಗೆ ಎಳೆದೊಯ್ದು, ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲವೆಂದು ಕರಿನೀರು ದಾಟಿಸಿದ್ದರು. ಕರಿನೀರಿನಾಚೆ ಇರುವುದು ಒಂದೇ ಊರು, ಕೈದಿಗಳೆಲ್ಲ ಅಲ್ಲೇ ಇರುತ್ತಾರೆ ಎಂದು ಆಗರದ ಮಂದಿ ನಂಬಿದ್ದ ಕಾಲವದು. ತೋಮನಿಗೆ ನಾಲ್ಕು ಮಾತು ಬಂದದ್ದೇ ತಡ, ನನ್ನ ಗಿರಿಯನನ್ನು ಕಂಡೆಯಾ ಎಂದು ಕೇಳಿಯೇ ಬಿಟ್ಟಳು. ಇಲ್ಲ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಕಂಡೆ, ಚೆನ್ನಾಗಿದ್ದಾನೆ, ದಿನವೂ ನಿನ್ನ ಮಾತೇ ಆಡುತ್ತಾನೆ ಎಂದ. ಮುದುಕಿ ಅವನನ್ನೇ ನೋಡಿ, ಇನ್ನೊಂದು ಚೂರು ಬೆಲ್ಲ ಕೊಟ್ಟಳು.

ಅಂದಿನಿಂದ ಅವಳು ಬಂದು ಕೇಳುವುದು, ಇವನು ಹೊಸದೇನಾದರೂ ಕಟ್ಟಿ ಹೇಳುವುದು. ಕೊನೆಗೂ ಅವನೂರಿನ ಹಡಗು ಬಂತು. ತಾನು ಹೋದರೆ ಈ ಜೀವಕ್ಕೆ ಉತ್ತರ ಹೇಳುವವರು ಯಾರು ಎಂದು ತೋಮ ಎದ್ದೇಳಲಿಲ್ಲ. ಇನ್ನೊಂದು ಬಂತು, ಅದೂ ಹೋಯಿತು. ಹಾಯಿ ಮರೆಯಾಗುವವರೆಗೆ ನೋಡಿ, ಅವ್ವಾ ಎಂದು ಮಗುವಿನಂತೆ ಅಳುತ್ತಿದ್ದನಂತೆ. ಮತ್ತೊಂದು ಹಡಗು ಲಂಗರು ಹಾಕಿದ ದಿನ ಬೀರಮ್ಮ ಬೆಲ್ಲದ ಗಂಟು ಹಿಡಿದು ಬಂದಳು.

“ತಮ್ಮಾ, ನನ್ನ ಗಿರಿಯ ಹುಟ್ಟು ಮೂಗ. ನೀ ಹೇಳೂದು ಸುಳ್ಳು ಅಂತ ಮೊದಲ ದಿನವೇ ಗೊತ್ತಿತ್ತು. ಕೇಳೂಕೆ ಹಿತವಾಗಿತ್ತು, ಅದಕ್ಕೇ ಬಂದೆ. ನಿನ್ನ ಅವ್ವನೂ ಯಾರನ್ನೋ ಕೇಳ್ತಾ ಕೂತಿರ್ತಾಳೆ. ಏಳು, ಹೋಗು.”

ತೋಮ ಅವಳ ಕಾಲು ಮುಟ್ಟಿ, ಗಂಟು ತೆಗೆದುಕೊಂಡು ದೋಣಿ ಹತ್ತಿದ.

ಅವನು ಊರು ಸೇರಿದನೋ, ಅವ್ವ ಬದುಕಿದ್ದಳೋ, ಬಲ್ಲವರಿಲ್ಲ. ಗಿರಿಯನೂ ಬರಲಿಲ್ಲ. ಬೀರಮ್ಮ ಮಾತ್ರ ಕಣ್ಣು ಮುಚ್ಚುವವರೆಗೂ ಕಟ್ಟೆಯ ಮೇಲೆ ಕೂತವರಿಗೆ ಬೆಲ್ಲ ಕೊಟ್ಟು, ನಮ್ಮ ತೋಮನನ್ನು ಕಂಡಿರಾ ಎಂದು ಕೇಳುತ್ತಿದ್ದಳು. ಸುಳ್ಳೆಂದರೆ ಸಿಡಿಯುತ್ತಿದ್ದ ಊರಗೌಡನೂ ಕಂಡೆ ಎನ್ನುತ್ತಿದ್ದನಂತೆ. ಇಂದಿಗೂ ಕಡಲು ದಾಟಿ ದುಡಿಯಲು ಹೋದವರ ತಾಯಂದಿರು ಕೊಡ ತುಂಬಿಸಿ, ಬೆಲ್ಲ ಇಟ್ಟು ಹೋಗುತ್ತಾರೆ. ನೀವು ಆ ಬೆಲ್ಲ ಬಾಯಿಗೆ ಹಾಕಿಕೊಂಡರೆ ಯಾರೋ ಒಬ್ಬಳು ಹತ್ತಿರ ಬಂದು ತನ್ನ ಮಗನ ಹೆಸರು ಹೇಳುತ್ತಾಳೆ. ಕಂಡೆ, ಚೆನ್ನಾಗಿದ್ದಾನೆ ಎನ್ನಬೇಕು. ಅವಳಿಗೂ ಗೊತ್ತು. ಆದರೂ ಸ್ವಲ್ಪ ಹೊತ್ತು ನಿಂತು ಕೇಳಿ ಹೋಗುತ್ತಾಳೆ.