ದಪ್ಪ ಅಕ್ಷರದ ಮೂರ್ಖ

"ಏಳನೇ ಕಿಟಕಿ" ಧಾರಾವಾಹಿಯ ಅಭಿಮಾನಿಗಳೆಲ್ಲ ಸೇರಿ ಬರೆಯುವ ವಿಕಿ ಜಾಲತಾಣದಲ್ಲಿ ಕಸ ಗುಡಿಸುವವಳು ನಾನು. ಮಾಹಿತಿ ಬರೆಯಿರಪ್ಪಾ ಅಂದರೆ ಪುಟದ ನಡುವೆಯೇ ಜಗಳ ಆಡುತ್ತಾರೆ! "ಮಾಲಿಯೇ ಕೊಲೆಗಾರ" ಎಂಬ ಸಾಲಿನ ಪಕ್ಕದಲ್ಲಿ ಯಾರೋ ಬರೆದಿದ್ದರು: "ಶುದ್ಧ ಸುಳ್ಳು! ಯಾವ ಮೂರ್ಖ ಬರೆದದ್ದು ಇದನ್ನು?" ತಪ್ಪಿದ್ದರೆ ತಿದ್ದಬೇಕು ತಾನೆ? ಅದು ಬಿಟ್ಟು ಬೈಗುಳ! ಸಾಲು ತಿದ್ದಿ, ಬೈಗುಳ ಅಳಿಸಿದೆ. ಮತ್ತೆ ಹಾಕಿದರು. ಮೂರನೇ ಸಲ ಅಳಿಸಿದಾಗ ಫೋನೇ ಬಂತು, ಅಭಿಮಾನಿ ಸಂಘದ ಅಧ್ಯಕ್ಷ ಪುಟ್ಟಸ್ವಾಮಯ್ಯನವರದು.

"ನನ್ನ ಮಾತು ಅಳಿಸೋಕೆ ನೀನು ಯಾರಮ್ಮ? ಅದು ಅಲ್ಲೇ ಇರಬೇಕು!"

ಮೈಯೆಲ್ಲ ಉರಿಯಿತು. ಆದರೂ ತಣ್ಣಗೆ ಹೇಳಿದೆ: "ಇರಲಿ ಸಾರ್. ಆದರೆ ಪ್ರಶ್ನೆ ಕೇಳಿದ್ದೀರಲ್ಲ, ಉತ್ತರಾನೂ ಇರಬೇಕು. ಯಾವ ಸಾಲು ಯಾರು ಬರೆದರು ಅನ್ನೋದು ಪುಟದ ಇತಿಹಾಸದಲ್ಲಿ ಸಿಗುತ್ತೆ. ಆ ಮೂರ್ಖನ ಹೆಸರು ಪಕ್ಕದಲ್ಲೇ ಹಾಕಿಬಿಡಲಾ?"

"ಹಾಕು! ದಪ್ಪ ಅಕ್ಷರದಲ್ಲಿ ಹಾಕು! ಎಲ್ಲರೂ ನೋಡಲಿ!"

"ಆ ಮಾಲಿಯ ಸಾಲು, ಧಾರಾವಾಹಿಯಲ್ಲಿ ನಿಜವಾದ ಕೊಲೆಗಾರ ಸಿಗೋಕೆ ಮುಂಚೆ, ಹೋದ ಯುಗಾದಿ ದಿನ ಬರೆದದ್ದು ಸಾರ್. ಹೆಸರು ಓದ್ತೀನಿ ಕೇಳಿ. ಪುಟ್ಟಸ್ವಾಮಯ್ಯ, ಅಧ್ಯಕ್ಷರು."



"ಅಳಿಸಿಬಿಡಿ ತಾಯಿ," ಅಂದರು ದನಿ ತಗ್ಗಿಸಿ.

"ಯಾವುದನ್ನು ಸಾರ್? ಮೂರ್ಖ ಅನ್ನೋದನ್ನೋ, ಅಧ್ಯಕ್ಷರು ಅನ್ನೋದನ್ನೋ?"